ಮಲೆನಾಡಿನ ಉದ್ದದ ದಾರಿಯಲ್ಲಿ ಕಾರ್ಗಲ್‌ನಲ್ಲೊಂದು ನಿಲುಗಡೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನಲ್ಲೋ ಚಿಕ್ಕಮಗಳೂರಿನಲ್ಲೋ ಗಾಡಿ ಹತ್ತಿ, ಶೃಂಗೇರಿ, ಆಗುಂಬೆ, ತೀರ್ಥಹಳ್ಳಿ, ಹೊಸನಗರ, ಸಾಗರ ದಾಟಿ ಶಿರಸಿ, ಯಲ್ಲಾಪುರ, ದಾಂಡೇಲಿಯವರೆಗೆ ಸಹ್ಯಾದ್ರಿಯ ಬೆನ್ನ ಮೇಲೇ ಹೋಗುವವರು ಈಗ ಬಹಳ. ನಾನು ಸಾಗರ ತಾಲ್ಲೂಕಿನವನಾದ್ದರಿಂದ ಪರಿಚಯದವರೆಲ್ಲ ನನಗೆ ಫೋನ್ ಮಾಡಿ ಕೇಳುವುದು ಒಂದೇ: ನಡುವೆ ಎಲ್ಲಿ ಉಳಿಯಲಿ? ಕಾರ್ಗಲ್‌ನಲ್ಲಿ ಉಳಿಯಿರಿ ಅನ್ನುತ್ತೇನೆ. ಅದರ ಹಿಂದೆಯೇ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿಟ್ಟಿದ್ದೇನೆ.

ಕಾರ್ಗಲ್ ಎಲ್ಲಿದೆ? ಅಲ್ಲಿ ನಿಲ್ಲುವಂಥದ್ದು ಏನಿದೆ?

ಶಿವಮೊಗ್ಗ ಜಿಲ್ಲೆ, ಸಾಗರ ತಾಲ್ಲೂಕು. ಸಾಗರದಿಂದ ತಾಳಗುಪ್ಪ ದಾಟಿ ಜೋಗದ ಕಡೆ ಹೋದರೆ ಸಿಗುವ ಪುಟ್ಟ ಪಟ್ಟಣ. ಜೋಗ ಮತ್ತು ಕಾರ್ಗಲ್ ಎರಡಕ್ಕೂ ಸೇರಿ ಒಂದೇ ಪಟ್ಟಣ ಪಂಚಾಯಿತಿ. ಶರಾವತಿ ವಿದ್ಯುತ್ ಯೋಜನೆಗೆ ಬಂದ ಎಂಜಿನಿಯರುಗಳು, ಫಿಟ್ಟರುಗಳು, ಗಾರೆ ಕೆಲಸದವರು, ಅವರಿಗೆ ಅಕ್ಕಿ ಬೇಳೆ ಮಾರಲು ಬಂದವರು ಸೇರಿ ಬೆಳೆಸಿದ ಊರು ಇದು. ಸಾಲಾಗಿ ನಿಂತ ಹಳೆಯ ಕೆಪಿಸಿ (ಕರ್ನಾಟಕ ವಿದ್ಯುತ್ ನಿಗಮ) ಕ್ವಾರ್ಟರ್ಸು, ಅವುಗಳ ಅಂಗಳದಲ್ಲಿ ಹಲಸು, ಪಾಚಿ ಹಿಡಿದ ಕಾಂಪೌಂಡು, ಮಳೆಗಾಲದಲ್ಲಿ ಮಧ್ಯಾಹ್ನ ಮೂರಕ್ಕೇ ಹತ್ತಿಕೊಳ್ಳುವ ಬೀದಿದೀಪ.

ನೋಡಲೇಬೇಕಾದ ಜಾಗಗಳ ಪಟ್ಟಿ ಕೇಳಿದರೆ ಕಾರ್ಗಲ್ ಪೇಟೆಯಲ್ಲಿ ದೊಡ್ಡದೇನೂ ಸಿಗುವುದಿಲ್ಲ. ಆದರೆ ಊರಿನ ಬೆನ್ನಿಗೇ ಲಿಂಗನಮಕ್ಕಿ ಅಣೆಕಟ್ಟಿದೆ, ಅದರಾಚೆ ಸುಮಾರು 300 ಚದರ ಕಿಲೋಮೀಟರ್ ಹರಡಿದ ಹಿನ್ನೀರಿದೆ. ಎರಡು ದಿನ ಬರೀ ಗುಡ್ಡ, ತಿರುವು, ಕಾಡು ನೋಡಿಕೊಂಡು ಬಂದ ಕಣ್ಣಿಗೆ ಇಷ್ಟಗಲ ನೀರು ಕಂಡಾಗ ಆಗುವ ನೆಮ್ಮದಿ ಬೇರೆ. ಕರ್ನಾಟಕದಲ್ಲಿ ಹುಟ್ಟಿ ಬೆಳೆದು, ಸ್ವಿಚ್ ಒತ್ತಿ ದೀಪ ಹಾಕಿದ ಪ್ರತಿಯೊಬ್ಬರಿಗೂ ಈ ನೀರಿನ ಜೊತೆ ಸಂಬಂಧವಿದೆ. ಒಂದು ರಾತ್ರಿ ಅದರ ಪಕ್ಕ ಮಲಗಿ ಹೋಗಿ ಅನ್ನುವುದು ನನ್ನ ಕೋರಿಕೆ.

ಜೋಗದಲ್ಲೇ ಉಳಿದರೆ ಆಗುವುದಿಲ್ಲವೇ?

ಆಗುತ್ತದೆ, ಆರೇಳು ಕಿಲೋಮೀಟರಿನ ಅಂತರ ಅಷ್ಟೇ. ಆದರೆ ಜೋಗಕ್ಕೆ ಬರುವವರು ಜಲಪಾತ ನೋಡಿ, ಫೋಟೊ ತೆಗೆದು, ಜೋಳ ತಿಂದು ಹೊರಟುಬಿಡುತ್ತಾರೆ. ನದಿಯನ್ನು ನೋಡಿರುವುದಿಲ್ಲ. 253 ಮೀಟರ್ ಎತ್ತರದಿಂದ ಬೀಳುವ ರಾಜಾ, ರಾಣಿ, ರೋರರ್, ರಾಕೆಟ್‌ಗಳ ನೀರು ಎಲ್ಲಿ ನಿಂತಿತ್ತು, ಯಾಕೆ ಕೆಲವು ತಿಂಗಳು ಬಂಡೆ ಮಾತ್ರ ಉಳಿಯುತ್ತದೆ ಎಂಬುದು ಕಾರ್ಗಲ್ ಕಡೆ ಬಂದರೇ ತಿಳಿಯುವುದು.

ಯಾವ ದಾರಿ ಹಿಡಿದು ಬರಲಿ?

ಬೆಂಗಳೂರಿನಿಂದ ನೇರ ಬರುವವರಿಗೆ ಶಿವಮೊಗ್ಗ, ಸಾಗರ, ತಾಳಗುಪ್ಪ. ದಾರಿ ಸಲೀಸು, ಹೇಳುವುದಕ್ಕೇನಿಲ್ಲ.

ತೀರ್ಥಹಳ್ಳಿ ಕಡೆಯಿಂದ ಬರುವವರು ಹೊಸನಗರದ ಮೇಲೆ ಬನ್ನಿ. ಹೊಸನಗರದಿಂದ ಸಾಗರಕ್ಕೆ ಬರುವಾಗ ಪಟಗುಪ್ಪ ಸೇತುವೆಯ ದಾರಿ ಹಿಡಿದರೆ ಶರಾವತಿ ಹಿನ್ನೀರಿನ ಮೇಲೇ ದಾಟುತ್ತೀರಿ. ಕಾರ್ಗಲ್ ಇನ್ನೂ ಎಷ್ಟೋ ದೂರವಿರುವಾಗಲೇ ಅದರ ನೀರು ಕಾಣುತ್ತದೆ. ನದಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಅಲ್ಲಿ ಸಣ್ಣ ಕೊಳ, ಇಲ್ಲಿ ಸಮುದ್ರದಂಥ ನೀರು. ಒಂದೇ ಪ್ರಯಾಣದಲ್ಲಿ ಎರಡನ್ನೂ ನೋಡುವ ಹಾಗೆ ದಾರಿ ಹೊಂದಿಸಿಕೊಳ್ಳಿ.

ಕರಾವಳಿಯಿಂದ ಹತ್ತುವವರಿಗೆ ಎರಡು ದಾರಿ. ಹೊನ್ನಾವರದಿಂದ ಗೇರುಸೊಪ್ಪ ಘಾಟಿ ಹತ್ತಿ ಮಾವಿನಗುಂಡಿಗೆ ಬಂದು ಜೋಗದ ಕಡೆ ತಿರುಗುವುದು ಒಂದು. ಭಟ್ಕಳದಿಂದ ಕೋಗಾರು ಘಾಟಿ ಹತ್ತಿ ಬರುವುದು ಇನ್ನೊಂದು. ಕೋಗಾರಿನದು ಕಿರಿದಾದ, ದಟ್ಟ ಕಾಡಿನ, ಜನ ಕಡಿಮೆ ಇರುವ ದಾರಿ. ಬೆಳಕಿರುವಾಗ ಮಾತ್ರ ಹತ್ತಿ.

ಯಾವ ತಿಂಗಳು ಒಳ್ಳೆಯದು?

ಎಲ್ಲರೂ ಜುಲೈ ಅನ್ನುತ್ತಾರೆ. ನಾನು ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಅನ್ನುತ್ತೇನೆ. ಜುಲೈನಲ್ಲಿ ಜೋಗದ ಮುಂದೆ ಗಂಟೆಗಟ್ಟಲೆ ನಿಂತರೂ ಮಂಜಿನ ಪರದೆ ಸರಿಯದೆ, ಸದ್ದು ಮಾತ್ರ ಕೇಳಿ ವಾಪಸಾದವರು ಬಹಳ ಜನ. ಘಾಟಿಗಳಲ್ಲಿ ಗುಡ್ಡ ಜರಿಯುವುದೂ ಆಗಲೇ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಮಳೆ ಜೋರಾದ ಮಾತ್ರಕ್ಕೆ ಜೋಗದಲ್ಲಿ ಇಡೀ ಶರಾವತಿ ಬೀಳುವುದಿಲ್ಲ. ನದಿಯ ಬಹುಪಾಲು ನೀರನ್ನು ಲಿಂಗನಮಕ್ಕಿ ಹಿಡಿದಿಟ್ಟುಕೊಳ್ಳುತ್ತದೆ. ಜೋಗಕ್ಕೆ ಬರುವುದು ಅಣೆಕಟ್ಟಿನ ಕೆಳಗಿನ ಕಾಡಿನ ಹಳ್ಳಗಳ ನೀರು. ಅಣೆಕಟ್ಟು ತುಂಬುತ್ತ ಬಂದು ಗೇಟು ತೆಗೆದರೆ ಆ ದಿನಗಳಲ್ಲಿ ಮಾತ್ರ ಜಲಪಾತ ಮೈದುಂಬುತ್ತದೆ. ಗರಿಷ್ಠ ಮಟ್ಟ 1819 ಅಡಿ. ಮಳೆಗಾಲದಲ್ಲಿ ಶಿವಮೊಗ್ಗದ ಪತ್ರಿಕೆಗಳು ಪ್ರತಿದಿನ ಮಟ್ಟ ಹಾಕುತ್ತವೆ, ನಮ್ಮ ಕಡೆ ಅಂಗಡಿ ಮುಂಗಟ್ಟಿನಲ್ಲಿ ಮಾತು ಶುರುವಾಗುವುದೇ 'ಎಷ್ಟು ಅಡಿ ಆಯ್ತಂತೆ?' ಎಂದು. ಹೊರಡುವ ವಾರ ನೀವೂ ಆ ಸಂಖ್ಯೆ ನೋಡಿಕೊಳ್ಳಿ. 1815 ದಾಟಿದ್ದರೆ ಗೇಟು ತೆಗೆಯುವ ಸುದ್ದಿಗೆ ಕಿವಿ ಕೊಟ್ಟಿರಿ.

ಅಣೆಕಟ್ಟಿನ ಮೇಲೆ ಹೋಗಬಹುದೇ?

ಅದು ಕಾವಲಿರುವ ಜಾಗ. ಕೆಪಿಸಿಯ ಅನುಮತಿ ಇಲ್ಲದೆ ಒಳಗೆ ಬಿಡುತ್ತಾರೆ ಎಂದು ನಂಬಿಕೊಂಡು ಬರಬೇಡಿ. ಕಾವಲಿನವರ ಜೊತೆ ವಾದಕ್ಕಿಳಿಯಬೇಡಿ, ಅವರ ಕೆಲಸ ಅವರು ಮಾಡುತ್ತಾರೆ. ಡ್ರೋನ್ ಅಂತೂ ಬ್ಯಾಗಿನಿಂದ ಹೊರಗೇ ತೆಗೆಯಬೇಡಿ.

ಇಷ್ಟು ನೀರು ಇಲ್ಲಿಂದ ಎಲ್ಲಿಗೆ ಹೋಗುತ್ತದೆ?

ಮಕ್ಕಳ ಜೊತೆ ಬರುವವರು ಇದನ್ನು ದಯವಿಟ್ಟು ಓದಿ ಹೇಳಿ. ಪಾಠದಲ್ಲಿ ಓದಿದ ಜಲವಿದ್ಯುತ್ ಅವರಿಗೆ ಇಲ್ಲಿ ಕಣ್ಣೆದುರು ಸಿಗುತ್ತದೆ.

ಲಿಂಗನಮಕ್ಕಿ ಕಟ್ಟಿದ್ದು 1964ರಲ್ಲಿ. ಹಿಡಿಯುವ ನೀರು ಸುಮಾರು 152 ಟಿಎಂಸಿ. ಹೊಸನಗರ ತಾಲ್ಲೂಕಿನ ಚಕ್ರಾ, ಸಾವೆಹಕ್ಕಲು ಜಲಾಶಯಗಳ ನೀರೂ ಇಲ್ಲಿಗೇ ಬಂದು ಸೇರುತ್ತದೆ. ಅಣೆಕಟ್ಟಿನ ಬುಡದಲ್ಲೇ 55 ಮೆಗಾವಾಟ್‌ನ ವಿದ್ಯುದಾಗಾರವಿದೆ. ಅಲ್ಲಿ ಚಕ್ರ ತಿರುಗಿಸಿದ ನೀರು ಕಾಲುವೆಯಲ್ಲಿ ಸಾಗಿ ತಲಕಳಲೆ ಎಂಬ ಇನ್ನೊಂದು ಜಲಾಶಯಕ್ಕೆ ಬರುತ್ತದೆ. ತಲಕಳಲೆ ಇರುವುದು ಘಟ್ಟದ ಅಂಚಿನಲ್ಲಿ. ಅಲ್ಲಿಂದ ದೊಡ್ಡ ದೊಡ್ಡ ಉಕ್ಕಿನ ಕೊಳವೆಗಳಲ್ಲಿ ಕಣಿವೆಗೆ ಧುಮುಕಿ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳನ್ನು ತಿರುಗಿಸುತ್ತದೆ. ಒಟ್ಟು ಸಾಮರ್ಥ್ಯ 1035 ಮೆಗಾವಾಟ್. ಕೆಳಗೆ ಇಳಿದ ಅದೇ ನೀರನ್ನು ಗೇರುಸೊಪ್ಪದಲ್ಲಿ ಮತ್ತೆ ತಡೆದು ಇನ್ನೂ 240 ಮೆಗಾವಾಟ್ ತೆಗೆಯುತ್ತಾರೆ. ಆಮೇಲಷ್ಟೇ ಶರಾವತಿಗೆ ಹೊನ್ನಾವರದ ಸಮುದ್ರ. ಇದಕ್ಕೂ ಹಳೆಯದು ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರ. 1940ರ ದಶಕದ ಕೊನೆಯಲ್ಲಿ ಶುರುವಾಗಿ ಇವತ್ತಿಗೂ ಓಡುತ್ತಿದೆ.

ಒಂದೇ ನೀರು ಒಂದಾದ ಮೇಲೊಂದರಂತೆ ಮೂರು ಕಡೆ ದುಡಿಯುತ್ತದೆ, ಇಡೀ ನದಿಯ ಉದ್ದ ಸುಮಾರು 128 ಕಿಲೋಮೀಟರ್. ಅಷ್ಟು ಚಿಕ್ಕ ನದಿಯ ಮೇಲೆ ಇಷ್ಟು ಭಾರ ಹೊರಿಸಿದ್ದೇವೆ. ಈಗ ತಲಕಳಲೆ ಮತ್ತು ಗೇರುಸೊಪ್ಪದ ನಡುವೆ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ, ಅಂದರೆ ಕೆಳಗಿಳಿದ ನೀರನ್ನು ಮತ್ತೆ ಮೇಲಕ್ಕೆತ್ತಿ ಬೇಕಾದಾಗ ಇಳಿಸಿ ವಿದ್ಯುತ್ ತೆಗೆಯುವ ಯೋಜನೆ, ಬಂದಿದೆ. ಸಿಂಗಳೀಕಗಳ ಕಾಡಿನ ಅಡಿಯಲ್ಲಿ ಸುರಂಗ ತೋಡುವ ಯೋಜನೆ ಅದು. ಕಣಿವೆಯ ಜನ ವಿರೋಧಿಸುತ್ತಿದ್ದಾರೆ, ನಾನೂ ಅವರ ಜೊತೆಗಿದ್ದೇನೆ.

ನೀರಿನ ಅಡಿಯಲ್ಲಿ ಊರುಗಳಿವೆ ಅನ್ನುತ್ತಾರೆ, ನಿಜವೇ?

ನಿಜ. ಅದರಲ್ಲೊಂದು ನಮ್ಮ ಅಜ್ಜಿಯ ತವರು.

ಅಣೆಕಟ್ಟು ತುಂಬಿದಾಗ ಶರಾವತಿ ಕಣಿವೆಯ ಗದ್ದೆ, ಅಡಿಕೆ ತೋಟ, ದೇವಸ್ಥಾನ, ಸಂತೆಮಾಳ ಎಲ್ಲ ಒಳಗೆ ಹೋದವು. ಸಾವಿರಾರು ಕುಟುಂಬಗಳನ್ನು ಎಬ್ಬಿಸಿದರು. ಕೆಲವರಿಗೆ ದೂರದ ಶಿವಮೊಗ್ಗದ ಕಡೆ ಕಾಡಿನಂಚಿನಲ್ಲಿ ಜಾಗ ತೋರಿಸಿದರು, ಕೆಲವರು ಅಲ್ಲೇ ಗುಡ್ಡದ ಮೇಲಕ್ಕೆ ಸರಿದರು. ನಮ್ಮ ಕಡೆ ಈ ಇಡೀ ಕಾಲಕ್ಕೆ ಒಂದೇ ಶಬ್ದ: ಮುಳುಗಡೆ. 'ಮುಳುಗಡೆಗೆ ಮುಂಚೆ', 'ಮುಳುಗಡೆಯಾದ ಮೇಲೆ' ಎಂದೇ ಹಿರಿಯರು ವರ್ಷ ಎಣಿಸುತ್ತಿದ್ದರು. ಮುಳುಗಡೆ ಸಂತ್ರಸ್ತರಿಗೆ ಕೊಟ್ಟ ಭೂಮಿಯ ಹಕ್ಕುಪತ್ರದ ಜಗಳ ಅರವತ್ತು ವರ್ಷ ಕಳೆದರೂ ಮುಗಿದಿಲ್ಲ. ಮೊಮ್ಮಕ್ಕಳು ಕಚೇರಿ ಅಲೆಯುತ್ತಿದ್ದಾರೆ. ನಾಡಿಗೆಲ್ಲ ಬೆಳಕು ಕೊಡಲು ಮನೆ ಬಿಟ್ಟವರಲ್ಲಿ ಎಷ್ಟೋ ಜನರ ಹೊಸ ಮನೆಗೆ ಕರೆಂಟು ಬಂದದ್ದು ವರ್ಷಗಟ್ಟಲೆ ತಡವಾಗಿ.

ಒಂದು ಬೇಸಿಗೆ, ನೀರು ಬಹಳ ಇಳಿದಿದ್ದ ಮೇ ತಿಂಗಳು, ನಾನು ನನ್ನ ಮಾವನ ಜೊತೆ ಆ ಜಾಗಕ್ಕೆ ನಡೆದು ಹೋಗಿದ್ದೆ. ಮಣ್ಣು ಒಡೆದು ಅಂಗೈಯಗಲದ ಹೆಂಟೆಗಳಾಗಿತ್ತು. ಕಡಿದುಹೋದ ಮರಗಳ ಬೊಡ್ಡೆಗಳು ಕರಿಕಲ್ಲಿನ ಹಾಗೆ ನಿಂತಿದ್ದವು, ತಟ್ಟಿದರೆ ಠಣ್ ಅನ್ನುತ್ತಿದ್ದವು. ಮಾವ ಒಂದು ಕಡೆ ನಿಂತು ಕಾಲಿನಿಂದ ಮಣ್ಣು ಸರಿಸಿದರು. ಮೂರು ಕಲ್ಲಿನ ಮೆಟ್ಟಿಲು, ನಡುವೆ ಸವೆದು ತಗ್ಗಾದವು. ಅದರ ಮೇಲೆ ಏನೂ ಇಲ್ಲ. ಪಕ್ಕದಲ್ಲಿ ಬಾಯಿ ಒಡೆದ ಒರಳುಕಲ್ಲು ಅರ್ಧ ಹೂತಿತ್ತು, ಅದರ ಗುಳಿಯಲ್ಲಿ ಒಣಗಿದ ಕಪ್ಪೆಚಿಪ್ಪು ತುಂಬಿತ್ತು. ಮಾವ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತರು. 'ಅಜ್ಜಿಗೆ ಹೇಳುವುದು ಬೇಡ' ಅಂದರು. ಹೇಳಲಿಲ್ಲ.

ಹಾಗಾಗಿ ಹಿನ್ನೀರಿನ ದಡದಲ್ಲಿ ಬಾಟಲಿ ಒಡೆದು ಹೋಗುವವರನ್ನು ಕಂಡರೆ ನಮಗೆ ತಡೆಯಲಾರದಷ್ಟು ಸಂಕಟವಾಗುತ್ತದೆ. ಅದು ಯಾರದೋ ಅಂಗಳ.

ಬೇಸಿಗೆಯಲ್ಲಿ ಹಳೆಯ ಅಣೆಕಟ್ಟು ಮೇಲೆ ಬರುತ್ತದೆಯಂತಲ್ಲ?

ಹೌದು, ಹಿರೇಭಾಸ್ಕರ ಅಣೆಕಟ್ಟು. ನಮ್ಮ ಜನ ಮಡೆನೂರು ಡ್ಯಾಂ ಅನ್ನುತ್ತಾರೆ. 1948ರಲ್ಲಿ ಮುಗಿದ ಅಣೆಕಟ್ಟು, ಜೋಗದ ಮೊದಲ ವಿದ್ಯುದಾಗಾರಕ್ಕೆ ನೀರು ಕೂಡಿಡಲು ಕಟ್ಟಿದ್ದು. ಹದಿನಾರು ವರ್ಷಕ್ಕೆ ಕೆಳಗೆ ಲಿಂಗನಮಕ್ಕಿ ಎದ್ದಿತು, ಇದು ಅದರ ಹಿನ್ನೀರಿನಲ್ಲಿ ಮುಳುಗಿತು. ಮುಳುಗಡೆ ಮನುಷ್ಯರ ಊರುಗಳಿಗಷ್ಟೇ ಅಲ್ಲ, ಅಣೆಕಟ್ಟಿಗೂ ಆಯಿತು. ಎಂಜಿನಿಯರ್ ಗಣೇಶ್ ಅಯ್ಯರ್ ರೂಪಿಸಿದ ಸೈಫನ್‌ಗಳು ಇದರ ವಿಶೇಷ. ಕಾಂಕ್ರೀಟಿನ ದೊಡ್ಡ ಆಲಿಕೆಗಳ ಹಾಗೆ ಕಾಣುತ್ತವೆ. ನೀರು ಒಂದು ಮಟ್ಟ ಮುಟ್ಟಿದ ಕೂಡಲೇ ಯಾರೂ ಗೇಟು ಎತ್ತದೆ ತಾವಾಗಿ ನೀರನ್ನು ಎಳೆದು ಹೊರಹಾಕುವ ಏರ್ಪಾಡು ಅದು. ವರ್ಷದ ಹೆಚ್ಚಿನ ಭಾಗ ನೀರಿನಡಿ ಇದ್ದೂ ಇವತ್ತಿಗೂ ಗಟ್ಟಿಯಾಗಿ ನಿಂತಿದೆ.

ಕಾಣಬೇಕೆಂದರೆ ಏಪ್ರಿಲ್, ಮೇ, ಅದೂ ನೀರು ಚೆನ್ನಾಗಿ ಇಳಿದ ವರ್ಷ. ಸ್ಥಳೀಯರೊಬ್ಬರು ಜೊತೆಗಿಲ್ಲದೆ ಹೋಗಬೇಡಿ. ಮೇಲೆ ಒಣಗಿದಂತೆ ಕಂಡ ಮಣ್ಣು ಒಳಗೆ ಹಸಿ ಕೆಸರಾಗಿರುತ್ತದೆ, ಕಾರಿನ ಚಕ್ರ ಹೂತರೆ ಟ್ರ್ಯಾಕ್ಟರ್ ಬರಬೇಕು.

ಸಿಗಂದೂರಿಗೆ ಈಗಲೂ ಲಾಂಚ್‌ನಲ್ಲಿ ಹೋಗಬೇಕೇ?

ಬೇಡ. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಕೇಬಲ್ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಸಾಗರದಿಂದ ಗಾಡಿಯಲ್ಲೇ ನೇರ ಚೌಡೇಶ್ವರಿಯ ದರ್ಶನಕ್ಕೆ ಹೋಗಬಹುದು.

ಈ ಸೇತುವೆಯನ್ನು ಬರೀ ನೋಡುವ ಜಾಗ ಎಂದುಕೊಳ್ಳಬೇಡಿ. ತುಮರಿ, ಕರೂರು ಸೀಮೆಯವರು ಮುಳುಗಡೆಯಾದಾಗಿನಿಂದ ಮೂರು ಸುತ್ತ ನೀರಿನ ನಡುವೆ ಬದುಕಿದವರು. ರಾತ್ರಿ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಲಾಂಚ್ ಹೊತ್ತು ಮುಗಿದಿದ್ದರೆ, ಕೋಗಾರು ಸುತ್ತಿಕೊಂಡು ಕಾರ್ಗಲ್ ಮೇಲೆ ಸಾಗರಕ್ಕೆ ಬರಬೇಕಿತ್ತು. ಸೇತುವೆ ಕೇಳಿ ಕೇಳಿ ಎರಡು ತಲೆಮಾರು ಮುಗಿಯಿತು. ಅದರ ನಡುವೆ ಗಾಡಿ ನಿಲ್ಲಿಸಿ ಸೆಲ್ಫಿಗೆ ನಿಂತರೆ ಹಿಂದೆ ಬರುವ ಆಂಬುಲೆನ್ಸಿಗೆ ತೊಂದರೆ. ದಾಟಿ, ದಡದಲ್ಲಿ ಜಾಗ ನೋಡಿ ನಿಲ್ಲಿಸಿ.

ಹಿನ್ನೀರಿನಲ್ಲಿ ಈಜಬಹುದೇ?

ಬೇಡ. ಕೆರೆಯ ಹಾಗೆ ಶಾಂತವಾಗಿ ಕಾಣುತ್ತದೆ, ಆದರೆ ಅಡಿಯಲ್ಲಿ ಮರದ ಬೊಡ್ಡೆ, ಹಳೆಯ ಬಾವಿ, ಹೂಳು, ಇದ್ದಕ್ಕಿದ್ದಂತೆ ಆಳವಾಗುವ ಹಳೆಯ ಹೊಳೆಪಾತ್ರ ಎಲ್ಲ ಇವೆ. ಊರಿನ ಈಜುಗಾರರೇ ಗೊತ್ತಿರುವ ಜಾಗ ಬಿಟ್ಟು ಇಳಿಯುವುದಿಲ್ಲ. ನೀರಿನ ಆಸೆ ತೀರಬೇಕೆಂದರೆ ತಲಕಳಲೆಯ ಹತ್ತಿರ ಜಂಗಲ್ ಲಾಡ್ಜಸ್‌ನ ಸಾಹಸ ಶಿಬಿರವಿದೆ, ಹೊನ್ನೇಮರಡುವಿನಲ್ಲೂ ಜಲಸಾಹಸಕ್ಕೆ ಏರ್ಪಾಡಿದೆ. ಲೈಫ್ ಜಾಕೆಟ್ ಹಾಕಿಕೊಂಡು, ಹೇಳಿಕೊಡುವವರ ಜೊತೆ ಇಳಿಯಿರಿ. ಅಣೆಕಟ್ಟಿನ ಕೆಳಗಿನ ಹೊಳೆಪಾತ್ರಕ್ಕೆ ಯಾವ ಕಾರಣಕ್ಕೂ ಇಳಿಯಬೇಡಿ.

ಉಂಬಳ (ಜಿಗಣೆ), ಮಂಗನ ಕಾಯಿಲೆ ಎಂದೆಲ್ಲ ಕೇಳಿದ್ದೇವೆ. ಹೆದರಬೇಕೇ?

ಉಂಬಳಕ್ಕೆ ಹೆದರಬೇಡಿ. ಉಪ್ಪು ಇಲ್ಲವೇ ಸುಣ್ಣ ಮುಟ್ಟಿಸಿದರೆ ಬಿದ್ದುಹೋಗುತ್ತದೆ, ಸ್ವಲ್ಪ ಹೊತ್ತು ರಕ್ತ ಒಸರುತ್ತದೆ, ಅಷ್ಟೇ.

ಮಂಗನ ಕಾಯಿಲೆಯ ಮಾತು ಬೇರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಜ್ವರ ಇದು. 2018-19ರಲ್ಲಿ ಕಾರ್ಗಲ್ ಹತ್ತಿರದ ಅರಳಗೋಡು ಸುತ್ತಮುತ್ತ ಅನೇಕ ಸಾವುಗಳಾದವು. ಆ ಬೇಸಿಗೆ ಈ ಭಾಗದ ಮನೆಗಳಲ್ಲಿ ತರಗೆಲೆ ತರಲು ಕಾಡಿಗೆ ಹೋಗುವುದಕ್ಕೇ ಜನ ಹೆದರಿದ್ದರು. ಕಾಯಿಲೆ ಹರಡುವುದು ಉಣುಗಿನಿಂದ, ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ. ಆ ತಿಂಗಳುಗಳಲ್ಲಿ ಬರುವವರು ಕಾಡಿನ ತರಗೆಲೆ ಮೇಲೆ ಕೂರಬೇಡಿ, ಮಲಗಬೇಡಿ. ಪೂರ್ತಿ ತೋಳಿನ ಅಂಗಿ, ಉದ್ದ ಪ್ಯಾಂಟು, ಕಾಡಿಗೆ ಕಾಲಿಡುವುದಿದ್ದರೆ ಉಣುಗು ಹತ್ತದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆ. ಬಂದ ಮೇಲೆ ಬಿಸಿನೀರು ಸ್ನಾನ, ಬಟ್ಟೆ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನವರಿಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿ. ಊರಿಗೆ ಹಿಂತಿರುಗಿ ಒಂದೆರಡು ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ, ಸಾಗರದ ಕಾಡಿಗೆ ಹೋಗಿದ್ದೆ ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ದೂರದೂರಿನ ವೈದ್ಯರಿಗೆ ಅದು ತಾನಾಗಿ ಹೊಳೆಯುವುದಿಲ್ಲ.

ಊಟಕ್ಕೆ ಏನು ಸಿಗುತ್ತದೆ?

ಪೇಟೆಯ ಸಣ್ಣ ಹೋಟೆಲುಗಳಲ್ಲಿ ನೀರುದೋಸೆ, ಬನ್ಸ್, ಅವಲಕ್ಕಿ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಮೀನು ಸಾರು. ಮನೆಯೂಟ ಕೊಡುವ ಕಡೆ ಉಳಿದರೆ ಮೊದಲೇ ಹೇಳಿ ಆ ಕಾಲದ್ದನ್ನೇ ಮಾಡಿಸಿಕೊಳ್ಳಿ: ಮಳೆಗಾಲವಾದರೆ ಕಳಲೆ ಪಲ್ಯ, ಪತ್ರೊಡೆ, ಬೇಸಿಗೆಯಾದರೆ ಅಪ್ಪೆಹುಳಿ, ಹಲಸಿನಕಾಯಿ ಹುಳಿ. ತಂಬುಳಿ ವರ್ಷವಿಡೀ ಇರುತ್ತದೆ. ಹೋಗುವಾಗ ಸಾಗರ ಪೇಟೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ತೊಡದೇವು ಕಟ್ಟಿಸಿಕೊಳ್ಳಿ. ತೊಡದೇವು ಗಾಡಿಯಲ್ಲಿ ಪುಡಿಯಾಗುತ್ತದೆ, ಸೀಟಿನ ಮೇಲೆ ಇಡಿ.

ಪೆಟ್ರೋಲ್, ದುಡ್ಡು, ನೆಟ್‌ವರ್ಕ್?

ಸಾಗರದಲ್ಲೇ ಟ್ಯಾಂಕ್ ತುಂಬಿಸಿ, ಒಂದಿಷ್ಟು ನಗದು ಇಟ್ಟುಕೊಳ್ಳಿ. ಕೋಗಾರು, ತುಮರಿ ಕಡೆ ಹೋಗುವುದಿದ್ದರೆ ಮ್ಯಾಪ್ ಮೊದಲೇ ಇಳಿಸಿಕೊಳ್ಳಿ. ಸಿಗ್ನಲ್ ಹೋಗಿ ಬಂದು ಮಾಡುತ್ತದೆ.

ರೂಮು ಬುಕ್ ಮಾಡುವಾಗ ಏನು ಕೇಳಬೇಕು?

ನೀರು ಈಗ ಎಲ್ಲಿದೆ ಎಂದು ಕೇಳಿ. ಬೇಕಾದರೆ ಅವತ್ತಿನ ಫೋಟೊ ಕಳಿಸಲು ಹೇಳಿ. ಒಮ್ಮೆ ಏಪ್ರಿಲ್‌ನಲ್ಲಿ ನನ್ನ ಗೆಳೆಯನ ಮನೆಯವರಿಗಾಗಿ ಒಂದು ಹೋಂಸ್ಟೇ ಹೇಳಿದ್ದೆ. 'ಹಿನ್ನೀರಿಗೆ ಹತ್ತೇ ಹೆಜ್ಜೆ' ಅಂದಿದ್ದರು, ಫೋಟೊದಲ್ಲೂ ಹಾಗೇ ಇತ್ತು. ಹೋಗಿ ನೋಡಿದರೆ ಹತ್ತು ಹೆಜ್ಜೆಗೆ ಒಡೆದ ಮಣ್ಣು, ನೀರು ಕಣ್ಣಿಗೆ ಎಟುಕದಷ್ಟು ದೂರ. ಫೋಟೊ ಅಕ್ಟೋಬರ್‌ನದು. ವಯಸ್ಸಾದ ಅವನ ಅಮ್ಮ ನೀರು ನೋಡುವ ಆಸೆಯಿಂದಲೇ ಅಷ್ಟು ದೂರ ಬಂದಿದ್ದರು. ನನಗೆ ಈಗಲೂ ಬೇಸರವಿದೆ.

ಇನ್ನೊಂದು ದಿನ ಇದ್ದರೆ?

ಮುಪ್ಪಾನೆಗೆ ಹೋಗಿ. ಕಾರ್ಗಲ್‌ನಿಂದ ಕೋಗಾರು ದಾರಿಯಲ್ಲಿ ಹೋಗಿ ಕಾಡಿನೊಳಗೆ ತಿರುಗಿದರೆ ಹಿನ್ನೀರಿನ ದಡ, ಅರಣ್ಯ ಇಲಾಖೆಯ ಪ್ರಕೃತಿ ಶಿಬಿರ. ಹಲ್ಕೆಗೆ ಹೋಗುವ ಲಾಂಚ್ ಹೊರಡುವುದೂ ಇಲ್ಲಿಂದಲೇ, ನೀರು ಇಳಿದಾಗ ಅದು ನಿಲ್ಲುತ್ತದೆ. ವಡನ್‌ಬೈಲಿನ ಪದ್ಮಾವತಿ ಬಸದಿಯೂ ಕಾರ್ಗಲ್‌ಗೆ ಹತ್ತಿರ. ಕೋಗಾರಿನ ಆಚೆ ಭೀಮೇಶ್ವರವಿದೆ, ಮಳೆಗಾಲದಲ್ಲಿ ಗುಡಿಯ ಪಕ್ಕದಲ್ಲೇ ನೀರು ಬೀಳುತ್ತದೆ. ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಕಾನೂರು ಕೋಟೆ ಅಭಯಾರಣ್ಯದೊಳಗಿದೆ, ಅರಣ್ಯ ಇಲಾಖೆ ಒಪ್ಪಿದರೆ ಮಾತ್ರ ಹೋಗಿ.

ಕಾಡು ಬೇಡ, ಕಲ್ಲು ನೋಡಬೇಕು ಅನ್ನುವವರಿಗೆ ಸಾಗರದ ಹತ್ತಿರ ಇಕ್ಕೇರಿ, ಕೆಳದಿ. ಸಾಗರ ಪೇಟೆಯಲ್ಲೇ ಗುಡಿಗಾರರ ಗಂಧದ ಕೆತ್ತನೆ.

ಬಸ್ಸು, ರೈಲಿನಲ್ಲಿ ಬರಬಹುದೇ?

ಬರಬಹುದು. ತಾಳಗುಪ್ಪ ರೈಲು ಹಳಿಯ ಕೊನೆ. ಬೆಂಗಳೂರು, ಮೈಸೂರಿನಿಂದ ರೈಲಿದೆ. ಅಲ್ಲಿಂದ ಬಸ್ಸು, ಆಟೊ ಸಿಗುತ್ತವೆ.

ಇಲ್ಲಿಂದ ಘಾಟಿ ಇಳಿಯುವಾಗ ಏನು ನೆನಪಿಡಬೇಕು?

ಗೇರುಸೊಪ್ಪ ಘಾಟಿಯಲ್ಲಿ ಇಳಿಯುವಾಗ ಎರಡನೇ ಗೇರಿನಲ್ಲೇ ಇರಿ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಅದು ಕಾದು ಹಿಡಿಯುವುದು ಬಿಡುತ್ತದೆ. ಹತ್ತಿ ಬರುವ ಗಾಡಿಗೆ ಮೊದಲು ದಾರಿ ಬಿಡಿ. ಮಂಜಿದ್ದರೆ ದೀಪ ಕೆಳಮುಖ ಇರಲಿ.

ಈ ಕಾಡು ಸಿಂಗಳೀಕಗಳದು. ಶರಾವತಿ ಕಣಿವೆ 1972ರಿಂದ ಅಭಯಾರಣ್ಯ, 2019ರಿಂದ ಸಿಂಗಳೀಕದ ಹೆಸರಿನಲ್ಲೇ ಇದೆ. ಪಶ್ಚಿಮಘಟ್ಟ ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲೂ ಕಾಡಿನಲ್ಲಿ ಇರದ ಪ್ರಾಣಿ. ಮರದಿಂದ ಮರಕ್ಕೇ ಓಡಾಡುವ ಈ ಮಂಗ ರಸ್ತೆಗೆ ಇಳಿಯುವುದೇ ನಾವು ಎಸೆಯುವ ಬಾಳೆಹಣ್ಣು, ಚಿಪ್ಸಿನ ಆಸೆಗೆ. ಇಳಿದದ್ದು ಗಾಡಿಗೆ ಸಿಕ್ಕುತ್ತದೆ. ಏನನ್ನೂ ಕೊಡಬೇಡಿ, ಮಗು ಎಷ್ಟು ಹಟ ಮಾಡಿದರೂ.

ಬೆಳಿಗ್ಗೆ ಎಷ್ಟಕ್ಕೆ ಹೊರಡಲಿ?

ಶಿರಸಿ ಕಡೆಗಾದರೆ ಎಂಟಕ್ಕೆ ಹೊರಟರೂ ಸಿದ್ದಾಪುರದ ಮೇಲೆ ಆರಾಮಾಗಿ ಮುಟ್ಟುತ್ತೀರಿ. ಆದರೆ ಏಳುವುದು ಮಾತ್ರ ಐದೂವರೆಗೆ. ಬೆಳಕು ಹರಿಯುವ ಹೊತ್ತಿಗೆ ಹಿನ್ನೀರಿನ ದಡಕ್ಕೆ ಹೋಗಿ ನಿಂತರೆ ಮೊದಲು ನೀರು ಕಾಣುವುದಿಲ್ಲ, ಬರೀ ಬಿಳಿ. ದೂರದಲ್ಲಿ ಮಂಗಟ್ಟೆ ಹಕ್ಕಿಯ ರೆಕ್ಕೆಯ ಬುಸುಬುಸು ಸದ್ದು ಕೇಳುತ್ತದೆ. ಆಮೇಲೆ ಒಂದೊಂದೇ ಗುಡ್ಡದ ತಲೆ ಮೇಲೇಳುತ್ತದೆ. ಅವು ದ್ವೀಪಗಳಲ್ಲ, ಮುಳುಗದೆ ಉಳಿದ ಬೆಟ್ಟದ ತುದಿಗಳು. ಏಳು ಗಂಟೆಗೆ ಮಂಜು ಪೂರ್ತಿ ಹರಿಯುತ್ತದೆ. ಅಲ್ಲಿಂದ ಪೇಟೆಗೆ ಬಂದು ತಿಂಡಿ ತಿಂದು ಹೊರಟರೆ ಸರಿಯಾಗುತ್ತದೆ.